ಕ್ರಿಸ್‌ಮಸ್ ಬೆಳಗಿಗೆ ಸಿನಮನ್ ರೋಲ್: ಹಿಂದಿನ ರಾತ್ರಿಯೇ ಸುತ್ತಿಡಬಹುದೇ?

ಬೇಳದ ಸೊಸೆ
ಈ ಸಲ ಕ್ರಿಸ್‌ಮಸ್ ರಜೆಗೆ ಗಂಡನ ಅಕ್ಕನ ಕುಟುಂಬ ಪೂರ್ತಿ ಕಾಸರಗೋಡಿನ ನಮ್ಮ ಊರಿಗೆ ಬರುತ್ತಿದೆ. ಬೆಳಗಿನ ತಿಂಡಿಗೆ ಸಾನ್ನಾಂ (ಕಳ್ಳು ಹಾಕಿ ಉಬ್ಬಿಸಿದ ಅಕ್ಕಿಯ ಇಡ್ಲಿ), ಕೋಳಿ ಪದಾರ್ಥ ಇದ್ದೇ ಇರುತ್ತದೆ. ಜೊತೆಗೆ ಮಕ್ಕಳಿಗೆಂದು ಸಿನಮನ್ ರೋಲ್, ಅಂದರೆ ದಾಲ್ಚಿನ್ನಿ ಹರಡಿ ಸುತ್ತಿದ ಬನ್ನು, ಮಾಡಬೇಕೆಂದಿದ್ದೇನೆ. 24ರ ರಾತ್ರಿ ಬಲಿಪೂಜೆ ಮುಗಿಸಿ, ಇಗರ್ಜಿಯ ಅಂಗಳದಲ್ಲಿ ಎಲ್ಲರನ್ನೂ ಮಾತನಾಡಿಸಿ ಮಲಗುವಾಗ ಒಂದು ಗಂಟೆ ದಾಟುತ್ತದೆ. ಬೆಳಗ್ಗೆ ಎಂಟಕ್ಕೆ ರೋಲ್ ಬಿಸಿಯಾಗಿ ಮೇಜಿನ ಮೇಲೆ ಇರಬೇಕು. ನಾಲ್ಕು ಗಂಟೆಗೆ ಎದ್ದು ಹಿಟ್ಟು ನಾದುವಷ್ಟು ಭಕ್ತಿ ನನ್ನಲ್ಲಿಲ್ಲ.

ಹಿಂದಿನ ದಿನವೇ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಕೆಡುತ್ತದೆಯೇ? ಪಕ್ಕದ ಮನೆಯ ಭಟ್ಟರ ಮಕ್ಕಳೂ ತಿಂಡಿಗೆ ಬರುತ್ತಾರೆ, ಹಾಗಾಗಿ ಮೊಟ್ಟೆ ಹಾಕುವಂತಿಲ್ಲ. ಕಂದು ಸಕ್ಕರೆಯ ಬದಲು ಬೆಲ್ಲ ನಡೆಯುತ್ತದೆಯೇ? ನನ್ನ ಬಳಿ ಇರುವ ವಿಧಾನದಲ್ಲಿ "ಬೆಚ್ಚಗಿನ ಜಾಗದಲ್ಲಿ ಎರಡು ಗಂಟೆ ಇಡಿ" ಎಂದಿದೆ. ಮಾಡಿ ಅನುಭವ ಇದ್ದವರು ಹೇಳಿ.

ಮುಳ್ಳೇರಿಯದ ಮೌನಿ
ಸಾನ್ನಾಂ ಇರುವಾಗ ರೋಲ್ ಯಾಕೆ?

ಬೇಳದ ಸೊಸೆ
ಅದನ್ನು ಬೆಂಗಳೂರಿನಿಂದ ಬರುವ ಆ ಮೂವರಿಗೆ ನೀವೇ ವಿವರಿಸಿ, ನಾನು ಬದುಕಿಕೊಂಡೆ.

ಉಪ್ಪಳದ ಬೇಕರಿಯವ
ಅಕ್ಕ, ರಾತ್ರಿ ಸುತ್ತಿಡಬಹುದು. ನನ್ನನ್ನು ಕೇಳಿದರೆ ಅದೇ ಒಳ್ಳೆಯ ದಾರಿ. ಆದರೆ ಮೊದಲು ಆ "ಬೆಚ್ಚಗಿನ ಜಾಗದಲ್ಲಿ ಎರಡು ಗಂಟೆ" ಎಂಬ ಸಾಲನ್ನು ಹೊಡೆದುಹಾಕಿ. ಅದನ್ನು ಬರೆದವರು ಚಳಿ ದೇಶದವರು, ಅವರ ಅಡುಗೆಮನೆ 20 ಡಿಗ್ರಿ ಇರುತ್ತದೆ. ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನವೂ 31, 32. ಇಡೀ ಮನೆಯೇ ಬೆಚ್ಚಗಿನ ಜಾಗ. ಗಡಿಯಾರವನ್ನು ನಂಬಿ ಕುಳಿತರೆ ಹಿಟ್ಟು ಹುಳಿಯಾಗಿ, ಉಬ್ಬಿ, ಒಲೆಗೆ ಹೋದ ಮೇಲೆ ಕುಸಿಯುತ್ತದೆ. ಹಿಟ್ಟು ಉಬ್ಬಿ ಎರಡು ಪಟ್ಟಾಯಿತೇ ಎಂದು ಮಾತ್ರ ನೋಡಿ. ನಮ್ಮ ಕಡೆ ಅದಕ್ಕೆ ಮುಕ್ಕಾಲು ಗಂಟೆಯೂ ಸಾಕಾಗಬಹುದು.

ನನ್ನ ಅಳತೆ: ಮೈದಾ 500 ಗ್ರಾಂ, ಉಗುರುಬೆಚ್ಚಗಿನ ಹಾಲು 280 ಮಿ.ಲೀ., ಸಕ್ಕರೆ 60 ಗ್ರಾಂ, ಬೆಣ್ಣೆ 60 ಗ್ರಾಂ, ಉಪ್ಪು ಒಂದು ಸಣ್ಣ ಚಮಚ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ. ಹಾಲನ್ನು ಒಮ್ಮೆಗೇ ಸುರಿಯಬೇಡಿ, 30 ಮಿ.ಲೀ. ಕೈಯಲ್ಲಿ ಉಳಿಸಿಕೊಳ್ಳಿ. ಹೊರದೇಶದ ಬ್ರೆಡ್ ಹಿಟ್ಟು ಹೀರುವಷ್ಟು ನೀರನ್ನು ನಮ್ಮ ಮೈದಾ ಹೀರುವುದಿಲ್ಲ. ಬೆಣ್ಣೆಯನ್ನು ಕೊನೆಗೆ ಹಾಕಿ ನಾದಿ. ಮೊದಲು ಕೈಗೆಲ್ಲ ಮೆತ್ತಿಕೊಂಡು ಅಳು ಬರಿಸುತ್ತದೆ, ಹತ್ತು ನಿಮಿಷ ಕಳೆದರೆ ತಾನಾಗಿ ಬಿಡುತ್ತದೆ. ಅಲ್ಲಿಯವರೆಗೆ ಒಣ ಮೈದಾ ಉದುರಿಸುವ ಆಸೆಗೆ ಬೀಳಬೇಡಿ.

ಗಡಿನಾಡ ಗುಡುಗು
4 ಗ್ರಾಂ ಯೀಸ್ಟ್? ಎಲ್ಲ ಕಡೆ 7 ಗ್ರಾಂ ಎಂದೇ ಇದೆ. ಬೇಕರಿಯವರು ಯೀಸ್ಟಿನಲ್ಲೂ ಉಳಿತಾಯ ಮಾಡುತ್ತೀರಾ?

ಉಪ್ಪಳದ ಬೇಕರಿಯವ
ಎರಡು ಗಂಟೆಯಲ್ಲಿ ಮುಗಿಸುವವರಿಗೆ 7 ಗ್ರಾಂ. ರಾತ್ರಿ ಪೂರ್ತಿ ಇಡುವವರಿಗೆ ಅದು ಜಾಸ್ತಿ. ಫ್ರಿಜ್‌ನಲ್ಲಿಟ್ಟ ಕ್ಷಣವೇ ಹಿಟ್ಟು ತಣ್ಣಗಾಗುವುದಿಲ್ಲ ಅಣ್ಣ. ತಟ್ಟೆಯ ನಡುವಿನ ರೋಲ್ ತಣಿಯುವಾಗ ಗಂಟೆಗಳೇ ಕಳೆಯುತ್ತವೆ, ಅಷ್ಟು ಹೊತ್ತೂ ಯೀಸ್ಟ್ ಕೆಲಸ ಮಾಡುತ್ತಲೇ ಇರುತ್ತದೆ. 7 ಹಾಕಿ, ರಾತ್ರಿ ಫ್ರಿಜ್ ಬಾಗಿಲು ತಾನಾಗಿ ತೆರೆದುಕೊಂಡರೆ ನನಗೆ ಫೋನು ಮಾಡಬೇಡಿ.

ನೀರ್ಚಾಲು ಚಿಕ್ಕಮ್ಮ
ಭಟ್ಟರ ಮನೆಯ ಮಕ್ಕಳನ್ನು ನೆನಪಿಟ್ಟುಕೊಂಡೆಯಲ್ಲ ಮಗಳೇ, ಸಂತೋಷ. ಮೊಟ್ಟೆ ಇಲ್ಲದಿದ್ದರೆ ಮರುದಿನಕ್ಕೆ ಗಟ್ಟಿಯಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ನಾನು ಮೊಟ್ಟೆ ಕಾಣದ ಅಡುಗೆಮನೆಯಲ್ಲೇ ಬನ್ನು, ಬ್ರೆಡ್ಡು ಮಾಡುವವಳು. ಮೈದಾದಿಂದಲೇ ಎರಡು ದೊಡ್ಡ ಚಮಚದಷ್ಟು ತೆಗೆದು, ಅದರ ಐದು ಪಾಲು ಹಾಲಿನಲ್ಲಿ ಗಂಟಿಲ್ಲದಂತೆ ಕಲಕಿ, ಸಣ್ಣ ಉರಿಯಲ್ಲಿ ಗಂಜಿಯ ಹಾಗೆ ದಪ್ಪ ಮಾಡಿಕೋ. ಕುದಿಸಬೇಡ, ಸೌಟಿನ ಗೆರೆ ತಳದಲ್ಲಿ ನಿಂತರೆ ಸಾಕು. ಆರಿದ ಮೇಲೆ ಹಿಟ್ಟಿಗೆ ಸೇರಿಸು. ಬೆಂದ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಾರನೆಯ ದಿನವೂ ಮೆತ್ತಗಿರುತ್ತದೆ. ಜಪಾನಿನವರು, ಚೀನಾದವರು ಬ್ರೆಡ್ಡಿಗೆ ಹೀಗೆಯೇ ಮಾಡುತ್ತಾರಂತೆ. ಹೊರಗೆ ಬಳಿಯಲು ಮೊಟ್ಟೆಯ ಬದಲು ಹಾಲು ಸಾಕು.

ಬೇಳದ ಸೊಸೆ
ಚಿಕ್ಕಮ್ಮ, ಆ ಗಂಜಿಗೆ ಹೋದ ಹಾಲನ್ನು 280ರಲ್ಲೇ ಕಳೆಯಬೇಕಲ್ಲವೇ?

ನೀರ್ಚಾಲು ಚಿಕ್ಕಮ್ಮ
ಹೌದು, ಅದರಲ್ಲೇ. ಮೇಲಿಂದ ಸೇರಿಸಿದರೆ ನೀರುದೋಸೆ ಹೊಯ್ಯಬೇಕಾದೀತು.

ಸ್ವೀಡನ್‌ನಲ್ಲಿರುವ ಮಂಜೇಶ್ವರದವನು
ಇಲ್ಲಿ ಕುಳಿತು ಇದನ್ನು ಓದುತ್ತಿದ್ದೇನೆ, ಹೊರಗೆ ಹಿಮ ಬೀಳುತ್ತಿದೆ. ಬೇಕರಿಯಣ್ಣ ಹೇಳಿದ್ದು ಸರಿ. ಇಲ್ಲಿ ಹಿಟ್ಟು ಉಬ್ಬಿಸಲು ಹೀಟರ್ ಪಕ್ಕ ಇಡುತ್ತೇವೆ, ನೀವು ಹೀಟರಿನ ಒಳಗೇ ಇದ್ದೀರಿ.

ಇಲ್ಲಿನವರ ಪಾಲಿಗೆ ಇದು ಹಬ್ಬದ ತಿಂಡಿಗಿಂತ ಹೆಚ್ಚಾಗಿ ಕಾಫಿಯ ಜೊತೆಗಾರ. 1999ರಿಂದ ಅಕ್ಟೋಬರ್ 4ನ್ನು ದಾಲ್ಚಿನ್ನಿ ಬನ್ನಿನ ದಿನವೆಂದೇ ಆಚರಿಸುತ್ತಾರೆ. ಅಮೆರಿಕದ ರೋಲಿಗೂ ಇದಕ್ಕೂ ವ್ಯತ್ಯಾಸ ಬಹಳ. ಇಲ್ಲಿ ಮೇಲೆ ಬಿಳಿ ಕೆನೆ ಸುರಿಯುವುದಿಲ್ಲ, ದಪ್ಪ ಸಕ್ಕರೆ ಹರಳು ಉದುರಿಸುತ್ತಾರೆ, ಅಷ್ಟೆ. ನಿಜವಾದ ರುಚಿ ಹಿಟ್ಟಿನೊಳಗೆ ಹಾಕುವ ಏಲಕ್ಕಿಯದು, ಅದೂ ತರಿತರಿಯಾಗಿ ಕುಟ್ಟಿದ್ದು. 500 ಗ್ರಾಂಗೆ ಎರಡು ಸಣ್ಣ ಚಮಚ ಹಾಕಿ ನೋಡಿ ಅಕ್ಕ.

ಪೆರ್ಲದ ತೋಟದವ
ಏಲಕ್ಕಿ ನಮ್ಮ ಸಹ್ಯಾದ್ರಿಯದ್ದು, ಜಗತ್ತಿಗೆ ಈಗ ಅತಿ ಹೆಚ್ಚು ಕಳಿಸುವುದು ಗ್ವಾಟೆಮಾಲಾ, ತಿಂದು ದಿನಾಚರಣೆ ಮಾಡುವುದು ಸ್ವೀಡನ್. ನಾವು ಅಡಿಕೆಯ ಹಳದಿ ರೋಗ ಎಣಿಸುತ್ತಾ ಕೂತಿದ್ದೇವೆ.

ಗಡಿನಾಡ ಗುಡುಗು
ಏಲಕ್ಕಿ ಬಿಡಿ, ಈ ಯೀಸ್ಟ್ ಪೊಟ್ಟಣದ ಮೇಲೆ ಕನ್ನಡದಲ್ಲಿ ಒಂದು ಸಾಲು ಇದೆಯೇ? ಹಿಂದಿ ಇದೆ, ಮಲಯಾಳ ಅಂಟಿಸಿದ್ದಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಕತೆ.

ಕುಂಬಳೆಯ ಮಾಷ್ಟ್ರು
ಆ ಹೋರಾಟಕ್ಕೆ ನಾನೂ ಸಹಿ ಹಾಕಿದವನೇ. ಆದರೆ ಯೀಸ್ಟಿಗೆ ಓದು ಬರುವುದಿಲ್ಲ, ಈಗ ಹಿಟ್ಟಿನ ವಿಷಯಕ್ಕೆ ಬನ್ನಿ.

ಹೊಸದುರ್ಗದ ನರ್ಸ್
ಯಾರೂ ದಾಲ್ಚಿನ್ನಿಯ ಬಗ್ಗೆ ಕೇಳಲೇ ಇಲ್ಲವಲ್ಲ! ಅಂಗಡಿಯಲ್ಲಿ ದಾಲ್ಚಿನ್ನಿ ಎಂದು ಕೊಡುವ ದಪ್ಪ ಚಕ್ಕೆ ಬಹುತೇಕ ಕ್ಯಾಸಿಯಾ. ಅಸಲಿ ದಾಲ್ಚಿನ್ನಿಯ ಸುರುಳಿಯಲ್ಲಿ ಕಾಗದದಷ್ಟು ತೆಳುವಾದ ಹಲವು ಪದರಗಳು ಒಂದರೊಳಗೊಂದು ಇರುತ್ತವೆ, ಕೈಯಲ್ಲೇ ಪುಡಿಯಾಗುತ್ತದೆ. ಕ್ಯಾಸಿಯಾ ಒಂದೇ ದಪ್ಪ ಪದರ, ಮಿಕ್ಸಿಯ ಬ್ಲೇಡಿಗೂ ಜಗ್ಗುವುದಿಲ್ಲ. ನಮ್ಮ ಆಹಾರ ನಿಯಮಗಳಲ್ಲೂ ಇವೆರಡಕ್ಕೆ ಬೇರೆ ಬೇರೆ ಮಾನದಂಡ ಇದೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ.

ಗಡಿನಾಡ ಗುಡುಗು
ನೋಡಿದಿರಾ? ಮಕ್ಕಳಿಗೆ ವಿಷ ತಿನ್ನಿಸುತ್ತಿದ್ದೇವೆ.

ಹೊಸದುರ್ಗದ ನರ್ಸ್
ವಿಷ ಎಂದು ನಾನು ಹೇಳಲಿಲ್ಲ. ಯುರೋಪಿನವರು ಹಾಕಿದ ಮಿತಿ ದಿನಕ್ಕೆ ದೇಹದ ತೂಕದ ಕಿಲೋವೊಂದಕ್ಕೆ 0.1 ಮಿಲಿಗ್ರಾಂ. ಅದು ಜೀವಮಾನವಿಡೀ ದಿನಾ ತಿನ್ನುವವರ ಲೆಕ್ಕ. ಕ್ರಿಸ್‌ಮಸ್‌ಗೆ ಒಂದು ರೋಲ್ ತಿಂದವರನ್ನು ನನ್ನ ವಾರ್ಡಿಗೆ ಕರೆತರುವ ಅಗತ್ಯವಿಲ್ಲ. ದಿನವೂ ಬೆಳಗ್ಗೆ ಸಕ್ಕರೆ ಕಾಯಿಲೆಗೆಂದು ದಾಲ್ಚಿನ್ನಿ ಕಷಾಯ ಕುಡಿಯುವ ಮಾವಂದಿರು ಇದ್ದಾರಲ್ಲ, ಅವರಿಗೆ ಹೇಳಿ.

ಉಪ್ಪಳದ ಬೇಕರಿಯವ
ರುಚಿಯ ಮಟ್ಟಿಗೆ ಹೇಳುವುದಾದರೆ ರೋಲಿಗೆ ಕ್ಯಾಸಿಯಾವೇ ಸರಿ. 1985ರಲ್ಲಿ ಸಿಯಾಟಲ್ ಬಳಿ ಶುರುವಾದ ಆ ಹೆಸರಾಂತ ರೋಲ್ ಅಂಗಡಿಯವರು ಬಳಸುವುದೂ ಇಂಡೊನೇಷ್ಯಾದ ಕ್ಯಾಸಿಯಾವನ್ನೇ. ಅಸಲಿಯದು ನವಿರು ಪರಿಮಳ, ಬೆಲ್ಲ ಬೆಣ್ಣೆಯ ನಡುವೆ ಅದರ ದನಿ ಕೇಳಿಸುವುದಿಲ್ಲ.

ಸ್ವೀಡನ್‌ನಲ್ಲಿರುವ ಮಂಜೇಶ್ವರದವನು
ಒಪ್ಪುವುದಿಲ್ಲ. ಬೆಲ್ಲ ಕಡಿಮೆ ಹಾಕಿದರೆ ಕೇಳಿಸುತ್ತದೆ.

ಪೆರ್ಲದ ತೋಟದವ
ಎರಡನ್ನೂ ಕೊಳ್ಳಬೇಡಿ, ಬೆಳೆಯಿರಿ. ಅಡಿಕೆ ತೋಟದ ಬದಿಯಲ್ಲಿ ನನ್ನದು ಕೆಲವು ಗಿಡ ಇವೆ. ಕೋಝಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ನವಶ್ರೀ ತಳಿ. ನಿತ್ಯಶ್ರೀ ಎಂಬುದೂ ಅವರದೇ. ಎರಡು ಮೂರು ವರ್ಷ ಬಿಟ್ಟು ಗಿಡವನ್ನು ಬುಡದ ಹತ್ತಿರ ಕಡಿದರೆ ಸುತ್ತ ಹೊಸ ಚಿಗುರು ಕೋಲುಗಳು ಬರುತ್ತವೆ. ಹೆಬ್ಬೆರಳಿನಷ್ಟು ದಪ್ಪವಾದಾಗ ಕಡಿದು, ಮೇಲಿನ ಒರಟು ಸಿಪ್ಪೆ ಹೆರೆದು, ಒಳಗಿನ ತೊಗಟೆಯನ್ನು ಉದ್ದಕ್ಕೆ ಸೀಳಿ ಬಿಡಿಸಬೇಕು. ಮಳೆಗಾಲದಲ್ಲಿ ಸುಲಭವಾಗಿ ಬಿಡುತ್ತದೆ, ಬೇಸಿಗೆಯಲ್ಲಿ ಮರಕ್ಕೇ ಅಂಟಿಕೊಂಡು ಸತಾಯಿಸುತ್ತದೆ. ನೆರಳಲ್ಲಿ ಒಣಗಿಸಿದರೆ ತಾನೇ ಸುರುಳಿಯಾಗುತ್ತದೆ. ಕೆಲಸ ಜಾಸ್ತಿ, ಆಳು ಸಿಗುವುದಿಲ್ಲ, ಆದಾಯ ಕೇಳಬೇಡಿ. ಮನೆಗೆ ಮಾತ್ರ ಧಾರಾಳ. ಬೇಳಕ್ಕೆ ಬರುವ ಕೆಲಸವಿದೆ, ಒಂದು ಡಬ್ಬಿ ತಂದು ಕೊಡುತ್ತೇನೆ ಅಕ್ಕ.

ಬೇಳದ ಸೊಸೆ
ಅಣ್ಣ, ಬರುವಾಗ ಮೊದಲೇ ಹೇಳಿ, ಊಟ ಮಾಡಿಯೇ ಹೋಗಬೇಕು.

ಕುಂಬಳೆಯ ಮಾಷ್ಟ್ರು
ಆ ಸಂಸ್ಥೆ ಮೊದಲು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರವಾಗಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು? ಇಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ.

ಕ್ರಿಸ್‌ಮಸ್, ದಾಲ್ಚಿನ್ನಿ, ಬೇಕರಿ, ಈ ಮೂರೂ ಒಟ್ಟಾಗುವ ಊರು ನಮ್ಮ ರೈಲು ದಾರಿಯಲ್ಲೇ ಇದೆ: ತಲಶ್ಶೇರಿ. ಅಲ್ಲಿ ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಬಿಸ್ಕೆಟ್ ಕಾರ್ಖಾನೆ ತೆರೆದರು. 1883ರ ಕ್ರಿಸ್‌ಮಸ್ ಹೊತ್ತಿಗೆ ಅಂಜರಕಂಡಿಯ ದಾಲ್ಚಿನ್ನಿ ತೋಟದ ಮರ್ಡಕ್ ಬ್ರೌನ್ ಇಂಗ್ಲೆಂಡಿನ ಕೇಕಿನ ತುಂಡೊಂದನ್ನು ತಂದು, ಇಂಥದ್ದನ್ನೇ ಮಾಡಿಕೊಡು ಎಂದನಂತೆ. ಬಾಪು ಮಾಡಿಯೇ ಬಿಟ್ಟರು. ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಎಂದು ತಲಶ್ಶೇರಿಯವರು ಹೆಮ್ಮೆಯಿಂದ ಹೇಳುವುದು ಇದನ್ನೇ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಆ ತೋಟ ಹಾಕಿಸಿದವನೂ ಈ ಬ್ರೌನನೇ.

ಮುಳ್ಳೇರಿಯದ ಮೌನಿ
ಮಾಷ್ಟ್ರೇ, 1801ರಲ್ಲಿ ಮಲಬಾರು ಸುತ್ತಿದ ಕಂಪನಿಯ ವೈದ್ಯ ಬುಕನನ್ ಕಂಡ ಬ್ರೌನ್ 1883ರಲ್ಲಿ ಕೇಕು ತಿನ್ನಲು ಬದುಕಿದ್ದನೇ?

ಕುಂಬಳೆಯ ಮಾಷ್ಟ್ರು
ಮೌನಿ ಬಾಯಿ ಬಿಟ್ಟರೆ ಹೀಗೆ. ಸರಿ, ತೋಟದ ಹಳೆಯ ಬ್ರೌನ್ ಬೇರೆ, ಕೇಕಿನ ಬ್ರೌನ್ ಅದೇ ಹೆಸರಿನ ಮತ್ತೊಬ್ಬ ಎಂದು ಓದಿಕೊಳ್ಳಿ. ಕೇಕ್ ಮಾತ್ರ ಒಂದೇ.

ಮೊಗ್ರಾಲಿನ ಅಡುಗೆಮನೆ
ಆ ಕೇಕಿಗೆ ಬಾಪು ಬ್ರಾಂಡಿಯ ಬದಲು ಊರಿನ ಸಾರಾಯಿ ಹಾಕಿದರು ಎಂಬ ಕತೆಯೂ ಕೇಳಿದ್ದೇನೆ, ಗೇರುಹಣ್ಣು, ಕದಳಿ ಬಾಳೆಹಣ್ಣಿನಿಂದ ಇಳಿಸಿದ್ದು.

ಅದಿರಲಿ, ನನ್ನ ಸಮಸ್ಯೆ ಬೇರೆ. ಮನೆಯಲ್ಲಿ ಒಲೆ ಎಂದರೆ ಗ್ಯಾಸ್ ಒಂದೇ, ಓವನ್ ಇಲ್ಲ. ಕಲ್ತಪ್ಪ, ಚಟ್ಟಿಪತ್ತಿರಿಯಂಥ ಮಲಬಾರಿನ ತಿಂಡಿಗಳನ್ನೆಲ್ಲ ದಪ್ಪ ತಳದ ಪಾತ್ರೆಯಲ್ಲೇ ಮಾಡುವವರು ನಾವು. ರೋಲ್ ಆಗುತ್ತದೆಯೇ?

ನೀರ್ಚಾಲು ಚಿಕ್ಕಮ್ಮ
ಧಾರಾಳ ಆಗುತ್ತದೆ. ದಪ್ಪ ಅಲ್ಯೂಮಿನಿಯಂ ಪಾತ್ರೆಯ ತಳಕ್ಕೆ ಉಪ್ಪು ಹರಡಿ, ಮೇಲೊಂದು ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಮುಚ್ಚಿ ಚೆನ್ನಾಗಿ ಕಾಯಿಸಿ. ನಂತರ ರೋಲಿನ ತಟ್ಟೆ ಇಳಿಸಿ ಸಣ್ಣ ಉರಿ. ಕೊರತೆ ಒಂದೇ, ಮೇಲ್ಭಾಗ ಕೆಂಪಾಗುವುದಿಲ್ಲ. ನಮ್ಮ ಅತ್ತೆ ಮುಚ್ಚಳದ ಮೇಲೆ ಗೆರಟೆ ಕೆಂಡ ಹರಡುತ್ತಿದ್ದರು, ಕೆಳಗೂ ಕೆಂಡ ಮೇಲೂ ಕೆಂಡ. ತೆಂಗಿನ ಗೆರಟೆಯ ಕೆಂಡದ ಕಾವು ಹದವಾಗಿ, ಬಹಳ ಹೊತ್ತು ನಿಲ್ಲುತ್ತದೆ. ನಮ್ಮ ಊರಿನಲ್ಲಿ ಗೆರಟೆಗೆ ಬರವೇ?

ಮೊಗ್ರಾಲಿನ ಅಡುಗೆಮನೆ
ಚಟ್ಟಿಪತ್ತಿರಿಗೆ ನಮ್ಮ ಉಮ್ಮನೂ ಹಾಗೆಯೇ ಮಾಡುತ್ತಿದ್ದರು! ಗೆರಟೆ ಗೋಣಿ ತುಂಬ ಇದೆ.

ಉಪ್ಪಳದ ಬೇಕರಿಯವ
ಓವನ್ ಇದ್ದವರಿಗೆ: 180 ಡಿಗ್ರಿ, 22ರಿಂದ 25 ನಿಮಿಷ. ಚಿಕ್ಕ ಓವನಿನ ಮೇಲಿನ ಹೀಟರ್ ಕಾಯಿಲ್ ಹತ್ತಿರವಿದ್ದರೆ ಹದಿನೈದು ನಿಮಿಷದ ಮೇಲೆ ಫಾಯಿಲ್ ಮುಚ್ಚಿ, ಇಲ್ಲದಿದ್ದರೆ ಮೇಲೆ ಕಪ್ಪು, ನಡುವೆ ಹಸಿ. ಹಬ್ಬದ ಬೆಳಗ್ಗೆ ಕರೆಂಟಿನ ಒತ್ತಡ ಕಡಿಮೆಯಿದ್ದರೆ ಓವನ್ ಕಾಯಲು ಹೆಚ್ಚು ಹೊತ್ತು ಬೇಕು, ಬೇಗನೆ ಹಚ್ಚಿಡಿ. ಇನ್ವರ್ಟರಿಗೆ ಮಾತ್ರ ಸಿಕ್ಕಿಸಬೇಡಿ, ಈ ಓವನ್‌ಗಳು ಬಹಳ ಕರೆಂಟು ಎಳೆಯುತ್ತವೆ.

ಬೇಳದ ಸೊಸೆ
ಬೆಲ್ಲದ ಪ್ರಶ್ನೆ ಹಾಗೇ ಉಳಿಯಿತು.

ಪೆರ್ಲದ ತೋಟದವ
ಬೆಲ್ಲ ಹಾಕಿದರೆ ಕಂದು ಸಕ್ಕರೆಗಿಂತ ರುಚಿ. ನಾನಾದರೆ ಓಲೆ ಬೆಲ್ಲವನ್ನೇ (ತಾಳೆ ಬೆಲ್ಲ) ಹಾಕುತ್ತೇನೆ, ಅದರ ಹೊಗೆ ವಾಸನೆಗೆ ದಾಲ್ಚಿನ್ನಿ ಚೆನ್ನಾಗಿ ಕೂಡುತ್ತದೆ.

ಉಪ್ಪಳದ ಬೇಕರಿಯವ
ರುಚಿ ಹೌದು, ಸೋರುವುದೂ ಹೌದು. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಂಡು ರಾತ್ರಿ ಫ್ರಿಜ್‌ನಲ್ಲೇ ಪಾಕವಾಗಿ ತಳಕ್ಕೆ ಇಳಿಯುತ್ತದೆ. ಬೆಳಗ್ಗೆ ನೋಡಿದರೆ ಸುರುಳಿಯ ಒಳಗೆ ಖಾಲಿ, ತಟ್ಟೆಯಲ್ಲಿ ಕೆರೆ. ತಡೆಯಲು ಎರಡು ಉಪಾಯ. ಒಣ ಬೆಲ್ಲದ ಪುಡಿಯನ್ನೇ ತೆಗೆದುಕೊಂಡು 100 ಗ್ರಾಂಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಬೆರೆಸಿ. ಬೆಣ್ಣೆಯನ್ನು ಕರಗಿಸಬೇಡಿ, ಬೆರಳು ಒತ್ತಿದರೆ ಕುಳಿ ಬೀಳುವಷ್ಟು ಮೆತ್ತಗಿದ್ದರೆ ಸಾಕು. ನಮ್ಮ ಸೆಖೆಗೆ ಬೆಣ್ಣೆ ಹತ್ತು ನಿಮಿಷದಲ್ಲಿ ಎಣ್ಣೆಯಾಗುತ್ತದೆ, ಆದ್ದರಿಂದ ಹಿಟ್ಟು ಲಟ್ಟಿಸಿದ ಮೇಲೆಯೇ ಅದನ್ನು ಫ್ರಿಜ್‌ನಿಂದ ಹೊರತೆಗೆಯುವುದು ಕ್ಷೇಮ. 80 ಗ್ರಾಂ ಬೆಣ್ಣೆ, 100 ಗ್ರಾಂ ಬೆಲ್ಲ, 10 ಗ್ರಾಂ ದಾಲ್ಚಿನ್ನಿ ಪುಡಿ, ಚಿಟಿಕೆ ಉಪ್ಪು.

ಪರಿಮಳ ಹೆಚ್ಚಲಿ ಎಂದು ದಾಲ್ಚಿನ್ನಿಯನ್ನು ಹಿಟ್ಟಿಗೇ ಕಲಸುವವರಿದ್ದಾರೆ. ಬೇಡ. ಅದು ಬೂಸ್ಟು ತಡೆಯುವ ಪದಾರ್ಥ, ಯೀಸ್ಟೂ ಬೂಸ್ಟಿನ ಕುಲದ್ದೇ. ಉಬ್ಬುವುದು ನಿಧಾನವಾಗುತ್ತದೆ. ಒಳಗೆ ಹರಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ನೀರ್ಚಾಲು ಚಿಕ್ಕಮ್ಮ
ಸುತ್ತುವ ವಿಷಯದಲ್ಲಿ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಪತ್ರೊಡೆ ಸುತ್ತಿದ ಹಾಗೆ ಸುತ್ತು ಮಗಳೇ. ಬಿಗಿಯಾದರೆ ನಡುಭಾಗ ಮೇಲಕ್ಕೆ ಎದ್ದು ನಿಲ್ಲುತ್ತದೆ, ಸಡಿಲವಾದರೆ ಬಿಚ್ಚಿಕೊಳ್ಳುತ್ತದೆ. ಕೊಯ್ಯಲು ಕತ್ತಿ ಬೇಡ, ಹಿಟ್ಟು ಚಪ್ಪಟೆಯಾಗುತ್ತದೆ. ಬಿಳಿ ನೂಲನ್ನು ಅಡಿಯಿಂದ ಹಾಕಿ, ಮೇಲೆ ಎರಡೂ ತುದಿ ಅಡ್ಡ ಹಾಯಿಸಿ ಎಳೆ.

ಗಡಿನಾಡ ಗುಡುಗು
ಹಾಗಾದರೆ ಪತ್ರೊಡೆಯನ್ನೇ ಮಾಡಿ ಮುಗಿಸಬಾರದೇ? ನಮ್ಮದನ್ನು ಬಿಟ್ಟು ಅಮೆರಿಕದ ತಿಂಡಿಯ ಹಿಂದೆ ಇಷ್ಟು ಉದ್ದದ ಚರ್ಚೆ!

ನೀರ್ಚಾಲು ಚಿಕ್ಕಮ್ಮ
ಡಿಸೆಂಬರಿನಲ್ಲಿ ಕೆಸುವಿನ ಎಳೆಯ ಎಲೆ ನೀನು ತಂದುಕೊಡು, ಮಾಡುತ್ತೇನೆ.

ಮುಳ್ಳೇರಿಯದ ಮೌನಿ
ಗುಡುಗಿಗೆ ಸಿಡಿಲು ಬಡಿಯಿತು.

ಸ್ವೀಡನ್‌ನಲ್ಲಿರುವ ಮಂಜೇಶ್ವರದವನು
ಒಂದು ಪ್ರಶ್ನೆ, ಸಾನ್ನಾಂಗೆ ಹಾಕುವ ಕಳ್ಳಿನಲ್ಲೇ ರೋಲ್ ಉಬ್ಬಿಸಲಾಗದೇ? ಗೋವಾದ ಪೊಯ್ ಬ್ರೆಡ್ಡನ್ನು ಹಿಂದೆ ಕಳ್ಳಿನಲ್ಲೇ ಮಾಡುತ್ತಿದ್ದರಲ್ಲ.

ಬೇಳದ ಸೊಸೆ
ನಮ್ಮ ಅತ್ತೆ ಓದಿದರೆ ಇಂದೇ ಶುರು ಮಾಡುತ್ತಾರೆ. ಅವರ ಪ್ರಕಾರ ಪೊಟ್ಟಣದ ಯೀಸ್ಟ್ ಸೋಮಾರಿಗಳದ್ದು.

ಉಪ್ಪಳದ ಬೇಕರಿಯವ
ಆಗುತ್ತದೆ, ಬೆಳಗ್ಗೆ ಇಳಿಸಿದ ತಾಜಾ ಕಳ್ಳು ಸಿಕ್ಕರೆ. ಆದರೆ ಬೆಣ್ಣೆ, ಸಕ್ಕರೆ ಇರುವ ಹಿಟ್ಟು ಯೀಸ್ಟಿಗೆ ಭಾರ. ಕಳ್ಳಿನ ಬಲ ದಿನಕ್ಕೊಂದು ತರಹ, ಜೊತೆಗೆ ಹುಳಿ. ಎಂಟು ಗಂಟೆಗೆ ಅತಿಥಿಗಳು ತಟ್ಟೆ ಹಿಡಿದು ಕುಳಿತಿರುವ ದಿನ ಈ ಪ್ರಯೋಗ ಬೇಡ.

ಬೇಳದ ಸೊಸೆ
ಹಾಗಾದರೆ ನನ್ನ ಯೋಜನೆ ಹೀಗೆ. 24ರ ಸಂಜೆ ಐದಕ್ಕೆ ಕಲಸುವುದು. ಎರಡು ಪಟ್ಟಾದ ಕೂಡಲೇ ಲಟ್ಟಿಸಿ, ಸುತ್ತಿ, ಹನ್ನೆರಡು ತುಂಡು ಮಾಡಿ ತಟ್ಟೆಗೆ. ಏಳರ ಒಳಗೆ ಫ್ರಿಜ್. ಬೆಳಗ್ಗೆ ಆರಕ್ಕೆ ಹೊರಗೆ, ಏಳೂಕಾಲಕ್ಕೆ ಓವನ್. ಸರಿಯೇ?

ಉಪ್ಪಳದ ಬೇಕರಿಯವ
ಸರಿ. ತಟ್ಟೆಗೆ ಬಿಗಿಯಾಗಿ ಪ್ಲಾಸ್ಟಿಕ್ ಹೊದಿಸಿ, ಇಲ್ಲದಿದ್ದರೆ ಹೊರಪದರ ಒಣಗಿ ಬಿರಿಯುತ್ತದೆ. ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ಹಿಂಬದಿಗೆ ಇಡಿ. ಹಬ್ಬದ ರಾತ್ರಿ ಬಾಗಿಲು ನೂರು ಸಲ ತೆರೆಯುತ್ತಾರೆ, ಮುಂದೆ ಇಟ್ಟದ್ದು ತಣಿಯುವುದೇ ಇಲ್ಲ. ಆರು ಗಂಟೆಗೆ ಎದ್ದಾಗ ರೋಲ್‌ಗಳು ಆಗಲೇ ಒಂದಕ್ಕೊಂದು ತಾಗಿ ಉಬ್ಬಿದ್ದರೆ ಏಳೂಕಾಲಿನವರೆಗೆ ಕಾಯಬೇಡಿ. ಬೆರಳಿನಿಂದ ಮೆಲ್ಲನೆ ಒತ್ತಿ, ಗುಳಿ ನಿಧಾನವಾಗಿ ತುಂಬಿದರೆ ಒಲೆಗೆ. ತಟ್ಟನೆ ತುಂಬಿದರೆ ಇನ್ನೂ ಕಾಯಿರಿ. ತುಂಬದೇ ಹಾಗೇ ನಿಂತರೆ ಹೊತ್ತು ಮೀರಿದೆ, ಆ ಕ್ಷಣವೇ ಒಳಗಿಡಿ.

ಮೊಗ್ರಾಲಿನ ಅಡುಗೆಮನೆ
ಮೇಲಿನ ಬಿಳಿ ಕೆನೆಗೆ ಕ್ರೀಮ್ ಚೀಸ್ ಬೇಕೇ ಬೇಕೇ? ಬೆಲೆ ನೋಡಿ ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬಂದೆ.

ಹೊಸದುರ್ಗದ ನರ್ಸ್
ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿ ಫ್ರಿಜ್‌ನಲ್ಲಿ ತೂಗುಹಾಕಿ. ಬೆಳಗ್ಗೆ ಅದಕ್ಕೆ ಸ್ವಲ್ಪ ಬೆಣ್ಣೆ, ಸಕ್ಕರೆ ಪುಡಿ. ಹುಳಿ ಸಿಹಿ ಎರಡೂ ಇರುತ್ತದೆ. ರೋಲ್ ಬೆಂದು ಹತ್ತು ನಿಮಿಷವಾದ ಮೇಲೆ ಹಚ್ಚಿ, ಕುದಿಬಿಸಿಯಲ್ಲಿ ಹಚ್ಚಿದರೆ ನೀರಾಗಿ ಹರಿಯುತ್ತದೆ.

ಕುಂಬಳೆಯ ಮಾಷ್ಟ್ರು
ದಪ್ಪ ತೆಂಗಿನ ಹಾಲಿಗೆ ಸಕ್ಕರೆ ಪುಡಿ ಹಾಕಿದರೂ ಆಗುತ್ತದಲ್ಲ? 1916ರಿಂದ ತೆಂಗಿಗಾಗಿ ಸಂಶೋಧನೆ ನಡೆಸುವ ಊರಿನವರು ಮೊಸರು ಕಟ್ಟುವುದೇ?

ನೀರ್ಚಾಲು ಚಿಕ್ಕಮ್ಮ
ಮಾಷ್ಟ್ರೇ, ಈ ಸಲ ನೀವು ಸರಿ. ಮೊದಲ ಹಾಲು ಮಾತ್ರ ತೆಗೆಯಿರಿ, ನೀರು ಮುಟ್ಟಿಸಬೇಡಿ.

ಗಡಿನಾಡ ಗುಡುಗು
ದ್ರಾಕ್ಷಿ ಹಾಕುತ್ತೀರಾ?

ಉಪ್ಪಳದ ಬೇಕರಿಯವ
ಇಲ್ಲ.

ಪೆರ್ಲದ ತೋಟದವ
ಹಾಕಬೇಕು. ಜೊತೆಗೆ ಗೇರುಬೀಜವೂ.

ಸ್ವೀಡನ್‌ನಲ್ಲಿರುವ ಮಂಜೇಶ್ವರದವನು
ದ್ರಾಕ್ಷಿ ಹಾಕಿದರೆ ಇಲ್ಲಿ ಸ್ನೇಹ ಮುರಿಯುತ್ತಾರೆ.

ಬೇಳದ ಸೊಸೆ
ಅರ್ಧ ತಟ್ಟೆಗೆ ಗೇರುಬೀಜ, ದ್ರಾಕ್ಷಿ ಎರಡೂ, ಉಳಿದರ್ಧಕ್ಕೆ ಏನೂ ಇಲ್ಲ. ತೋಟದಣ್ಣ, ದಾಲ್ಚಿನ್ನಿಯ ಡಬ್ಬಿ 23ರೊಳಗೆ ಬಂದರೆ ಒಳ್ಳೆಯದು, ಪುಡಿ ಮಾಡಿ ಜರಡಿ ಹಿಡಿಯಬೇಕು.

ಪೆರ್ಲದ ತೋಟದವ
22ಕ್ಕೆ ಬರುತ್ತೇನೆ. ಊಟಕ್ಕೆ ಸಾನ್ನಾಂ ಇರುತ್ತದೆಯೇ?